ಗುರಿ ದೂರವಿದ್ದಾಗ ತನ್ನನ್ನು ತಾನು ಅಳೆದುಕೊಳ್ಳುವುದು ಹೇಗೆ?

ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದ ಅಭ್ಯರ್ಥಿಯೊಬ್ಬರು 21ನೇ ವಯಸ್ಸಿನಿಂದ 32ರವರೆಗೆ ಆರು ಬಾರಿ ಬರೆಯಬಹುದು. ಇತರೆ ಹಿಂದುಳಿದ ವರ್ಗದವರಿಗೆ 35ರವರೆಗೆ ಒಂಬತ್ತು ಅವಕಾಶಗಳಿವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37ರವರೆಗೆ ಅವಕಾಶಗಳ ಸಂಖ್ಯೆಗೆ ಮಿತಿಯೇ ಇಲ್ಲ. 2024ರ ಪರೀಕ್ಷೆಗೆ 9,92,599 ಮಂದಿ ಅರ್ಜಿ ಹಾಕಿದ್ದರು. ಅವರಲ್ಲಿ 5,83,213 ಮಂದಿ ಮೊದಲ ಹಂತವಾದ ಪ್ರಿಲಿಮ್ಸ್ ಬರೆದರು, 14,627 ಮಂದಿ ಎರಡನೇ ಹಂತದ ಲಿಖಿತ ಪರೀಕ್ಷೆಯಾದ ಮೇನ್ಸ್‌ಗೆ ಅರ್ಹರಾದರು, 2,845 ಮಂದಿ ಸಂದರ್ಶನದವರೆಗೆ ತಲುಪಿದರು, ಕೊನೆಗೆ ಆಯ್ಕೆಯಾದವರು 1,009. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಪಿಜಿ ಹಿಡಿದು, ಬೆಳಗ್ಗೆ ರೀಡಿಂಗ್ ರೂಮಿನಲ್ಲಿ ಜಾಗ ಹಿಡಿಯುವ ಸಾವಿರಾರು ಯುವಕ ಯುವತಿಯರು ಈ ಅಂಕಿಗಳನ್ನು ಬಲ್ಲರು. ಬಲ್ಲವರಾಗಿಯೂ ತಮ್ಮ ಬದುಕಿನ ಅತ್ಯಂತ ಹುರುಪಿನ ವರ್ಷಗಳನ್ನು ಇದಕ್ಕೆ ಮೀಸಲಿಡುತ್ತಾರೆ.

ಇಷ್ಟು ದೀರ್ಘವಾದ ಪ್ರಯತ್ನದಲ್ಲಿ ಯಾವ ಪುಸ್ತಕ ಓದಬೇಕು, ದಿನಕ್ಕೆ ಎಷ್ಟು ಗಂಟೆ ಕೂರಬೇಕು ಎಂಬ ವಿಷಯದಲ್ಲಿ ಸಲಹೆಗೆ ಕೊರತೆಯಿಲ್ಲ. ಆದರೆ ನಾನು ಹಿಡಿದಿರುವ ದಾರಿ ನನ್ನದೇ, ನನ್ನ ಸಾಮರ್ಥ್ಯದ ಬಗ್ಗೆ ನನಗಿರುವ ಅಂದಾಜು ನಿಜವೇ, ಇನ್ನೊಂದು ವರ್ಷ ಮುಂದುವರಿಯಬೇಕೇ ಎಂಬ ಪ್ರಶ್ನೆಗಳಿಗೆ ಬಹುಪಾಲು ಸಿಗುವ ಉತ್ತರ ಒಂದೇ: ನಿನ್ನ ಮನಸ್ಸನ್ನೇ ಕೇಳಿಕೋ. ಈ ಉತ್ತರ ಸದುದ್ದೇಶದ್ದಾದರೂ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೀರ್ಘಕಾಲದ ಗುರಿಯ ವಿಷಯದಲ್ಲಿ ಮನಸ್ಸು ಒಳ್ಳೆಯ ಸಾಕ್ಷಿಯಲ್ಲ. ಫಲಿತಾಂಶ ಬರುವ ಮೊದಲೇ ನಮ್ಮ ನಿರೀಕ್ಷೆಯನ್ನು ಬರೆದಿಟ್ಟು, ಬಂದ ಮೇಲೆ ಎರಡನ್ನೂ ಹೋಲಿಸಿ ನೋಡಿದಾಗ ಮಾತ್ರ ನಮ್ಮ ಬಗ್ಗೆ ನಂಬಲರ್ಹವಾದ ತಿಳಿವಳಿಕೆ ಸ್ವಲ್ಪಸ್ವಲ್ಪವಾಗಿ ಸಿಗುತ್ತದೆ.

ಇದಕ್ಕೆ ಮೊದಲ ಕಾರಣ ದೂರದ ಗುರಿಯ ಸ್ವರೂಪದಲ್ಲೇ ಇದೆ. ರೊಟ್ಟಿ ಬಡಿಯುವವರಿಗೆ ಹಿಟ್ಟಿನ ಹದ ತಪ್ಪಿದ್ದು ಹೆಂಚಿನ ಮೇಲೆ ಹಾಕಿದ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಮುಂದಿನ ರೊಟ್ಟಿಯನ್ನು ಸರಿಪಡಿಸಿಕೊಳ್ಳುತ್ತಾರೆ. ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಂದು ಓದಿದ್ದರ ಫಲ ಒಂದು ವರ್ಷದ ನಂತರ, ಅದೂ ಪಟ್ಟಿಯಲ್ಲಿ ಒಂದು ನೋಂದಣಿ ಸಂಖ್ಯೆ ಇದೆಯೋ ಇಲ್ಲವೋ ಎಂಬ ರೂಪದಲ್ಲಿ ತಿಳಿಯುತ್ತದೆ. ಯಾವ ಅಭ್ಯಾಸದಿಂದ ಗೆದ್ದೆ, ಯಾವುದರಿಂದ ಸೋತೆ ಎಂದು ಆ ಒಂದು ಸಂಖ್ಯೆ ಹೇಳುವುದಿಲ್ಲ. ಹಾಗೆ ಖಾಲಿ ಉಳಿದ ಜಾಗವನ್ನು ಮನಸ್ಸು ತನಗೆ ಒಪ್ಪುವ ಕಥೆಯಿಂದ ತುಂಬಿಕೊಳ್ಳುತ್ತದೆ.

ಮನಸ್ಸು ಹೇಗೆ ಕಥೆ ಕಟ್ಟುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಲೇಖನ ಸ್ಪಷ್ಟವಾಗಿ ತೋರಿಸಿತು. ಅದರ ಒಂದು ಪ್ರಯೋಗದಲ್ಲಿ ಒಂದೇ ಬಗೆಯ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಉತ್ತಮವಾದದ್ದನ್ನು ಆರಿಸುವಂತೆ ಜನರಿಗೆ ಹೇಳಲಾಯಿತು. ಬಲತುದಿಯಲ್ಲಿದ್ದುದನ್ನು ಆರಿಸಿದವರ ಸಂಖ್ಯೆ ಎಡತುದಿಯದನ್ನು ಆರಿಸಿದವರ ಸುಮಾರು ನಾಲ್ಕು ಪಟ್ಟು ಇತ್ತು. ಏಕೆ ಆರಿಸಿದಿರಿ ಎಂದು ಕೇಳಿದಾಗ ಇಟ್ಟ ಸ್ಥಾನದ ಕಾರಣ ಯಾರೂ ತಾವಾಗಿ ಹೇಳಲಿಲ್ಲ. ನೇಯ್ಗೆಯ ಗುಣದಂಥ ಕಾರಣಗಳನ್ನು ಕೊಟ್ಟರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಆಯ್ಕೆಯ ನಿಜವಾದ ಕಾರಣ ಅವರಿಗೇ ಕಾಣುತ್ತಿರಲಿಲ್ಲ, ಆದರೆ ಸಮಂಜಸವೆನಿಸುವ ಕಾರಣ ತಕ್ಷಣ ಹೊಳೆಯುತ್ತಿತ್ತು.

ಸಣ್ಣದೊಂದು ಆಯ್ಕೆಯಲ್ಲೇ ಹೀಗಾಗುವುದಾದರೆ, "ನೀವು ಏಕೆ ಐಎಎಸ್ ಆಗಬೇಕು?" ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಎಷ್ಟು ನಂಬಬೇಕು? ಸಮಾಜಸೇವೆ, ಬದಲಾವಣೆ, ವೈವಿಧ್ಯಮಯ ಕೆಲಸ ಎಂಬ ಮಾತುಗಳು ಮಾಕ್ ಇಂಟರ್‌ವ್ಯೂಗಾಗಿ ಅಭ್ಯಾಸ ಮಾಡಿದವುಗಳಾದ್ದರಿಂದ ನಾಲಿಗೆಯ ತುದಿಯಲ್ಲೇ ಇರುತ್ತವೆ. ಅಪ್ಪನ ಆಸೆ, ಊರಿನವರ ಮುಂದೆ ತಲೆ ಎತ್ತಿ ನಿಲ್ಲಬೇಕೆಂಬ ಹಂಬಲ, ಪದವಿಯ ನಂತರ ಬೇರೆ ಯಾವ ದಾರಿಯೂ ಕಾಣದೇ ಹೋದದ್ದು, ಇವೂ ಕಾರಣಗಳಾಗಿರಬಹುದು. ಇವುಗಳಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಯಾವುದು ನಿಜವಾದ ಕಾರಣ ಎಂದು ಕಣ್ಣು ಮುಚ್ಚಿ ಯೋಚಿಸುವುದರಿಂದ ತಿಳಿಯಲಾರದು. ಆ ಹುದ್ದೆಯ ದಿನನಿತ್ಯದ ಕೆಲಸವನ್ನು ಹತ್ತಿರದಿಂದ ನೋಡಿ, ಅದು ನಮ್ಮನ್ನು ಹಿಡಿದಿಡುತ್ತದೆಯೋ ಬೇಸರ ತರಿಸುತ್ತದೆಯೋ ಎಂದು ಗಮನಿಸುವುದು ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ. ಉದಾಹರಣೆಗೆ, ನಮ್ಮ ರಾಜ್ಯದಲ್ಲಿ ಐಎಎಸ್ ಅಧಿಕಾರಿಗಳು ಆರಂಭದಲ್ಲೇ ವಹಿಸಿಕೊಳ್ಳುವ, ರಾಜ್ಯ ಆಡಳಿತ ಸೇವೆಯ (ಕೆಎಎಸ್) ಅಧಿಕಾರಿಗಳೂ ನಿರ್ವಹಿಸುವ ಉಪವಿಭಾಗಾಧಿಕಾರಿಯ ಹುದ್ದೆಯ ದೊಡ್ಡದೊಂದು ಭಾಗವೆಂದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಬರುವ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ತಕರಾರುಗಳ ಮೇಲ್ಮನವಿಗಳನ್ನು ಆಲಿಸುವುದು. ಅಣ್ಣತಮ್ಮಂದಿರ ಪಾಲಿನ ಜಗಳ, ದಶಕಗಳ ಹಿಂದಿನ ಕ್ರಯಪತ್ರ, ಹೊಂದಿಕೆಯಾಗದ ಸರ್ವೆ ನಂಬರು, ಮತ್ತೆ ಮತ್ತೆ ಮುಂದೂಡುವ ವಕೀಲರು, ಇವುಗಳ ನಡುವೆ ಇಡೀ ಮಧ್ಯಾಹ್ನ ಕಳೆಯುತ್ತದೆ. ಅನುಮತಿ ಪಡೆದು ಅಲ್ಲೊಂದು ದಿನ ಕುಳಿತು ಬರುವ ಅಭ್ಯರ್ಥಿಗೆ, ತನಗೆ ಬೇಕಿರುವುದು ಆ ಕೆಲಸವೋ ಅಥವಾ ಆಯ್ಕೆಯಾದ ದಿನದ ಸನ್ಮಾನವೋ ಎಂಬ ಸುಳಿವು ಸಿಗಬಹುದು. ಸಂಜೆ ಮನೆಗೆ ಬಂದ ಮೇಲೂ ಆ ತಕರಾರಿನ ತೀರ್ಪು ಏನಾಗಬೇಕಿತ್ತು ಎಂದು ತಲೆ ಕೆಡಿಸಿಕೊಂಡರೆ, ಅದು ಬಲವಾದ ಸುಳಿವು.

ಎರಡನೆಯ ಪ್ರಶ್ನೆ ಸಾಮರ್ಥ್ಯದ್ದು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ತನ್ನನ್ನು ತಾನು ಅರಿಯುವುದನ್ನು ಅಂಕಗಳಲ್ಲೇ ಲೆಕ್ಕ ಹಾಕಲು ಸಾಧ್ಯವಾಗುವ ಅಪರೂಪದ ಜಾಗ ಇದು.

ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆಗಳು, ಒಂದೊಂದಕ್ಕೆ 2 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕು ಆಯ್ಕೆಗಳಲ್ಲಿ ಏನೂ ಗೊತ್ತಿಲ್ಲದೆ ಒಂದನ್ನು ಗುರುತಿಸಿದರೆ, ದೀರ್ಘಾವಧಿಯ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ತಪ್ಪೆಂದು ತೆಗೆದುಹಾಕಬಲ್ಲವರಿಗೆ ಊಹೆಯಿಂದ ಸಣ್ಣ ಲಾಭವಿದೆ. ಎರಡನ್ನು ತೆಗೆದುಹಾಕಬಲ್ಲವರಿಗೆ ಪ್ರಶ್ನೆಯೊಂದಕ್ಕೆ ಸರಾಸರಿ 0.67 ಅಂಕದ ಲಾಭವಿದೆ. ಹೀಗಾಗಿ "ಫಿಫ್ಟಿ-ಫಿಫ್ಟಿ ಇದ್ದರೆ ಟಿಕ್ ಮಾಡು" ಎಂಬ ಸಲಹೆ ಗಣಿತದ ದೃಷ್ಟಿಯಿಂದ ಸರಿಯೇ. ಆದರೆ ಅದು ಒಂದು ಷರತ್ತಿನ ಮೇಲೆ ನಿಂತಿದೆ: ನಾನು ಫಿಫ್ಟಿ-ಫಿಫ್ಟಿ ಎಂದುಕೊಂಡ ಪ್ರಶ್ನೆಗಳಲ್ಲಿ ನಿಜವಾಗಿಯೂ ಅರ್ಧದಷ್ಟು ಸರಿಯಾಗಬೇಕು. ಅಂಥ 20 ಪ್ರಶ್ನೆಗಳಲ್ಲಿ 10 ಸರಿಯಾದವರಿಗೆ ಸುಮಾರು 13 ಅಂಕ ಸೇರುತ್ತವೆ. ಅದೇ ಮಟ್ಟದ ಆತ್ಮವಿಶ್ವಾಸದಿಂದ ಗುರುತಿಸಿ 4 ಮಾತ್ರ ಸರಿಯಾದವರಿಗೆ ಎರಡೂವರೆಗಿಂತ ಹೆಚ್ಚು ಅಂಕ ಕಳೆದುಹೋಗುತ್ತವೆ. ಉಳಿದೆಲ್ಲವೂ ಸಮವಾಗಿದ್ದರೂ ಇಬ್ಬರ ನಡುವೆ 16 ಅಂಕಗಳ ಅಂತರವಾಯಿತು.

ತನ್ನ ಅನುಮಾನದ ಬೆಲೆ ಎಷ್ಟೆಂದು ತಿಳಿಯಲು ಇರುವ ಉಪಾಯ ಸರಳವಾದದ್ದು, ಆದರೆ ಶಿಸ್ತು ಬೇಡುವಂಥದ್ದು. ಪ್ರತಿ ಮಾಕ್ ಟೆಸ್ಟ್‌ನಲ್ಲಿ ಉತ್ತರದ ಪಕ್ಕದಲ್ಲೇ ಒಂದು ಗುರುತು ಹಾಕಬೇಕು: ಖಚಿತ, ಅರೆಖಚಿತ, ಊಹೆ. ಕೀ ಉತ್ತರ ನೋಡುವ ಮೊದಲೇ ಇದು ಆಗಿರಬೇಕು. ಹತ್ತು ಹದಿನೈದು ಟೆಸ್ಟ್‌ಗಳಾಗುವ ಹೊತ್ತಿಗೆ ಪ್ರತಿ ಗುಂಪಿನಲ್ಲಿ ನೂರಕ್ಕೆ ಎಷ್ಟು ಸರಿಯಾಗಿವೆ ಎಂಬುದು ತಿಳಿಯುತ್ತದೆ. ಇತಿಹಾಸದಲ್ಲಿ ಊಹೆ ಎಂದುಕೊಂಡದ್ದು ಅರ್ಧಕ್ಕರ್ಧ ಸರಿಯಾಗುತ್ತಿರಬಹುದು. ಅರ್ಥಶಾಸ್ತ್ರದಲ್ಲಿ ಖಚಿತ ಎಂದುಕೊಂಡದ್ದರಲ್ಲೇ ಐದರಲ್ಲಿ ಒಂದು ತಪ್ಪುತ್ತಿರಬಹುದು. ಎರಡನೆಯದು ಹೆಚ್ಚು ಗಂಭೀರ, ಏಕೆಂದರೆ ಗೊತ್ತಿಲ್ಲ ಎಂಬ ಅರಿವಿರುವ ವಿಷಯವನ್ನು ನಾವು ಮತ್ತೆ ಓದುತ್ತೇವೆ, ಗೊತ್ತಿದೆ ಎಂದು ನಂಬಿದ್ದನ್ನು ಓದುವುದಿಲ್ಲ. ಇಂಥ ಪಟ್ಟಿ ಒಬ್ಬ ಅಭ್ಯರ್ಥಿಯ ಕುರಿತು ಹೇಳುವಷ್ಟನ್ನು ವರ್ಷವಿಡೀ ಮಾಡಿದ ಆತ್ಮಾವಲೋಕನ ಹೇಳಲಾರದು.

ಓದಿನ ವಿಧಾನದ ಬಗೆಗಿನ ನಮ್ಮ ಅನಿಸಿಕೆಯೂ ಹೀಗೆಯೇ ಮೋಸಗೊಳಿಸುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಸುಮಾರು ಶೇ. 40ರಷ್ಟು, ನೆನಪಿನಿಂದ ಬರೆದವರಿಗೆ ಸುಮಾರು ಶೇ. 61ರಷ್ಟು ನೆನಪಿತ್ತು. ಆದರೆ ತಮಗೆ ಹೆಚ್ಚು ನೆನಪಿರುತ್ತದೆಂದು ಮೊದಲೇ ಭರವಸೆಯಿಂದ ಹೇಳಿದ್ದವರು ಮತ್ತೆ ಮತ್ತೆ ಓದಿದವರು. ನೋಟ್ಸ್ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಎಳೆದು ಮೂರನೇ ಬಾರಿ ಓದುವಾಗ ಬರುವ ನಿರಾಳತೆ ಕಲಿಕೆಯ ಲಕ್ಷಣವಲ್ಲ, ಪರಿಚಯದ ಲಕ್ಷಣ. ಪುಸ್ತಕ ಮುಚ್ಚಿ ಬರೆಯಲು ಹೋದಾಗ ಆಗುವ ತೊಳಲಾಟವೇ ನಮ್ಮ ನಿಜಸ್ಥಿತಿಗೆ ಹತ್ತಿರವಾದದ್ದು. ಅದನ್ನು ಸಹಿಸಿಕೊಳ್ಳುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ, ಆದರೂ ಅದಕ್ಕೆ ಪರ್ಯಾಯವಿಲ್ಲ.

ಸಮಯದ ಅಂದಾಜಿನ ವಿಷಯವನ್ನು ಚುಟುಕಾಗಿ ಹೇಳಬಹುದು. ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನಗಳಲ್ಲಿ ಮುಗಿಸುವುದಾಗಿ ಅಂದಾಜಿಸಿದ್ದರು. ಎಲ್ಲವೂ ಕೆಟ್ಟರೆ 48.6 ದಿನ ಎಂದಿದ್ದರು. ನಿಜವಾಗಿ ಹಿಡಿದದ್ದು 55.5 ದಿನ. ಅತಿ ನಿರಾಶೆಯ ಅಂದಾಜೂ ವಾಸ್ತವಕ್ಕಿಂತ ಆಶಾದಾಯಕವಾಗಿತ್ತು. "ಮೂರು ತಿಂಗಳಲ್ಲಿ ಸಿಲೆಬಸ್ ಮುಗಿಸುತ್ತೇನೆ" ಎನ್ನುವವರು ಮುಂದಿನ ಅಧ್ಯಾಯಗಳನ್ನು ಎಣಿಸುವ ಬದಲು, ಕಳೆದ ಬಾರಿ ಇಂಥದೇ ಒಂದು ವಿಷಯಕ್ಕೆ ಎಷ್ಟು ವಾರ ಹಿಡಿಯಿತು ಎಂದು ಹಿಂದಿರುಗಿ ನೋಡುವುದು ಉತ್ತಮ.

ಬರೆದಿಡಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಬಲವಾದ ಆಧಾರವಿದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಮಾಸ್ಕೋ ಪ್ರವಾಸಕ್ಕೆ ಹೊರಡುವ ಮುನ್ನ, ಅಲ್ಲಿ ಏನೇನು ನಡೆಯಬಹುದೆಂಬ ಸಂಭವನೀಯತೆಯನ್ನು ಅಂದಾಜಿಸುವಂತೆ ಸಂಶೋಧಕರಾದ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ವಿದ್ಯಾರ್ಥಿಗಳನ್ನು ಕೇಳಿದ್ದರು. ಪ್ರವಾಸ ಮುಗಿದ ಮೇಲೆ ಅವರ ಹಳೆಯ ಅಂದಾಜುಗಳನ್ನು ನೆನಪಿಸಿಕೊಳ್ಳುವಂತೆ ಹೇಳಿದಾಗ, ನಿಜವಾಗಿ ನಡೆದುಹೋದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚಿನ ಸಾಧ್ಯತೆ ಕೊಟ್ಟಿದ್ದೆವೆಂದು ಬಹಳಷ್ಟು ಜನ ನೆನಪಿಸಿಕೊಂಡರು. ಫಲಿತಾಂಶ ನಮ್ಮ ನೆನಪನ್ನು ತಿದ್ದಿಬಿಡುತ್ತದೆ. ಪ್ರಿಲಿಮ್ಸ್‌ನಲ್ಲಿ ಸೋತವರು "ಈ ಸಲ ಆಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಾರೆ. ಗೆದ್ದವರು "ಒಳಗಿನಿಂದ ಒಂದು ನಂಬಿಕೆಯಿತ್ತು" ಎನ್ನುತ್ತಾರೆ. ಪರೀಕ್ಷೆಯ ಹಿಂದಿನ ವಾರ ಬರೆದಿಟ್ಟ ಒಂದು ಸಾಲು ಇಲ್ಲದಿದ್ದರೆ ಈ ಎರಡೂ ಮಾತುಗಳನ್ನು ಪರಿಶೀಲಿಸಲು ದಾರಿಯಿಲ್ಲ, ಪರಿಶೀಲಿಸಲಾಗದ ಮಾತಿನಿಂದ ಕಲಿಯಲೂ ಆಗುವುದಿಲ್ಲ.

ಆ ಬರಹದಲ್ಲಿ ನಮ್ಮ ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರೆಯಾಗಿ ಗುರುತಿಸಬೇಕು. ಸಾಮಾನ್ಯ ವರ್ಗದ ಪ್ರಿಲಿಮ್ಸ್ ಕಟ್‌ಆಫ್ (ಮುಂದಿನ ಹಂತಕ್ಕೆ ಬೇಕಾದ ಕನಿಷ್ಠ ಅಂಕ) 2022ರಲ್ಲಿ 88.22, 2023ರಲ್ಲಿ 75.41, 2024ರಲ್ಲಿ 87.98 ಆಗಿತ್ತು. ಪತ್ರಿಕೆಯ ಕಾಠಿಣ್ಯ ವರ್ಷದಿಂದ ವರ್ಷಕ್ಕೆ ಇಷ್ಟೊಂದು ಬದಲಾಗುವಾಗ, ಕಳೆದ ಬಾರಿಗಿಂತ ಐದು ಅಂಕ ಕಡಿಮೆ ಬಂದರೆ ತಾನು ಹಿಂದೆ ಬಿದ್ದೆನೆಂದು ತೀರ್ಮಾನಿಸುವಂತಿಲ್ಲ. ನೋಡಬೇಕಾದದ್ದು ಆ ವರ್ಷದ ಕಟ್‌ಆಫ್‌ನಿಂದ ಎಷ್ಟು ದೂರದಲ್ಲಿದ್ದೆ ಎಂಬುದನ್ನು. ಕೆಎಎಸ್ ಬರೆಯುವವರಿಗಂತೂ ಅನಿಶ್ಚಿತತೆ ಇನ್ನೂ ಹೆಚ್ಚು. 384 ಹುದ್ದೆಗಳಿಗಾಗಿ 2024ರ ಆಗಸ್ಟ್‌ನಲ್ಲಿ ನಡೆದ ಪ್ರಿಲಿಮ್ಸ್, ಕನ್ನಡ ಅನುವಾದದ ದೋಷಗಳ ಕಾರಣದಿಂದ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅಭ್ಯರ್ಥಿಗಳು ಅರ್ಥವಾಗದ ಪ್ರಶ್ನೆಯ ಮುಂದೆ ಕುಳಿತು ತಮ್ಮ ಬುದ್ಧಿಯನ್ನೇ ಅನುಮಾನಿಸಬೇಕಾಗಿ ಬಂದದ್ದು ನೋವಿನ ಸಂಗತಿ. ಅಂಥ ಸೋಲು ಅಭ್ಯರ್ಥಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಮತ್ತು ಅದನ್ನು ಹಾಗೆಯೇ ದಾಖಲಿಸಿಕೊಳ್ಳುವುದು ಆತ್ಮಸಮರ್ಥನೆಯಾಗುವುದಿಲ್ಲ.

ಇಲ್ಲಿ ನಮ್ಮ ರಾಜ್ಯದ ಅಭ್ಯರ್ಥಿಗಳಿಗೆ ವಿಶೇಷವಾದ ಒಂದು ಗೊಂದಲವನ್ನೂ ಹೇಳಬೇಕು. ಯುಪಿಎಸ್‌ಸಿಗೆಂದು ಹೊರಟವರು ಅಧಿಸೂಚನೆ ಬಂದಂತೆಲ್ಲ ಕೆಎಎಸ್, ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಎಲ್ಲಕ್ಕೂ ಅರ್ಜಿ ಹಾಕುತ್ತಾರೆ. ಹಣದ ಅಡಚಣೆಯಿರುವ ಮನೆಯ ಮಕ್ಕಳು ಮೊದಲು ಒಂದು ಕೆಲಸ ಹಿಡಿಯಬೇಕೆಂದು ಬಯಸುವುದು ಸಂಪೂರ್ಣ ನ್ಯಾಯವಾದದ್ದು, ಕೆಲಸದಲ್ಲಿದ್ದುಕೊಂಡೇ ದೊಡ್ಡ ಪರೀಕ್ಷೆ ಬರೆಯಲು ಅವಕಾಶವೂ ಇದೆ. ಆದರೆ ಈ ಪರೀಕ್ಷೆಗಳು ಬೇಡುವ ಕೌಶಲ ಒಂದೇ ಅಲ್ಲ. ಯುಪಿಎಸ್‌ಸಿ ಮೇನ್ಸ್‌ನ 1,750 ಅಂಕಗಳಲ್ಲಿ 500 ಅಭ್ಯರ್ಥಿಯೇ ಆರಿಸಿಕೊಳ್ಳುವ ಆಪ್ಷನಲ್ ವಿಷಯಕ್ಕೆ, 250 ಪ್ರಬಂಧಕ್ಕೆ ಮೀಸಲು. ಅಲ್ಲಿ ಗೆಲ್ಲಿಸುವುದು ಬರವಣಿಗೆ. ಎಫ್‌ಡಿಎ ಆಯ್ಕೆಗೆ ಎಣಿಸುವ ಪತ್ರಿಕೆಗಳು ಬಹುಆಯ್ಕೆಯ ಪ್ರಶ್ನೆಗಳವು. ಪಿಎಸ್‌ಐಗೆ ದೈಹಿಕ ಪರೀಕ್ಷೆ ದಾಟಬೇಕು. ಎಲ್ಲವನ್ನೂ ಒಟ್ಟಿಗೆ ಹಿಡಿದವರಿಗೆ ಯಾವುದರಲ್ಲಿ ತಾನು ಬೆಳೆಯುತ್ತಿದ್ದೇನೆ ಎಂಬುದು ಕಾಣದೆ ಹೋಗುತ್ತದೆ. ಎರಡನ್ನು ಇಟ್ಟುಕೊಳ್ಳಬಹುದು, ಆದರೆ ಈ ಆರು ತಿಂಗಳು ಯಾವುದು ಮುಖ್ಯ, ಯಾವುದು ಆಸರೆ ಎಂಬುದು ಕಾಗದದ ಮೇಲೆ ಇರಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ನಿಲ್ಲಿಸುವುದು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಓಹಾಯೋ ವಿಶ್ವವಿದ್ಯಾಲಯದ ರಂಗಮಂದಿರದ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ 15 ಡಾಲರಿನ ಪೂರ್ಣ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಟಿಕೆಟ್ ಕೊಡಲಾಯಿತು. ಋತುವಿನ ಮೊದಲ ಅರ್ಧದಲ್ಲಿ ಪೂರ್ಣ ಬೆಲೆ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು. ನಾಟಕಗಳು ಎಲ್ಲರಿಗೂ ಅವೇ. ವ್ಯತ್ಯಾಸವಿದ್ದದ್ದು ಈಗಾಗಲೇ ಖರ್ಚಾಗಿಹೋದ ಹಣದಲ್ಲಿ. ಡಾಲರುಗಳ ಜಾಗದಲ್ಲಿ ಐದು ವರ್ಷ, ಅಪ್ಪ ಮಾಡಿದ ಸಾಲ, ಮುಂದೂಡಿದ ಮದುವೆ ಇವುಗಳನ್ನಿಟ್ಟು ನೋಡಿದರೆ, "ಇಷ್ಟು ಮಾಡಿದ ಮೇಲೆ ಬಿಡುವುದು ಹೇಗೆ?" ಎಂಬ ಮಾತಿನ ಭಾರ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಮುಂದುವರಿಯುವ ನಿರ್ಧಾರ ಮುಂದಿನ ವರ್ಷದ ಸಾಧ್ಯತೆಯ ಮೇಲೆ ನಿಲ್ಲಬೇಕು, ಹಿಂದಿನ ವರ್ಷಗಳ ಖರ್ಚಿನ ಮೇಲಲ್ಲ.

ಸೋಲಿನ ಫಲಿತಾಂಶ ಬಂದ ರಾತ್ರಿ ಇಂಥ ನಿರ್ಧಾರವನ್ನು ಸಮಚಿತ್ತದಿಂದ ಕೈಗೊಳ್ಳಲು ಯಾರಿಂದಲೂ ಆಗದು. ಆದ್ದರಿಂದ ಷರತ್ತನ್ನು ತಯಾರಿಯ ಆರಂಭದಲ್ಲೇ ಬರೆದಿಡುವುದು ವಿವೇಕ: ಇಷ್ಟು ಅಟೆಂಪ್ಟ್‌ಗಳಲ್ಲಿ ಮೇನ್ಸ್ ಬರೆಯುವ ಹಂತಕ್ಕೆ ಬಾರದಿದ್ದರೆ ಪೂರ್ಣಾವಧಿ ತಯಾರಿ ನಿಲ್ಲಿಸಿ ಇಂಥ ಕೆಲಸ ಹುಡುಕುತ್ತೇನೆ, ಮೇನ್ಸ್ ಬರೆದು, ಅಂಕಗಳು ಏರುತ್ತಿದ್ದರೆ ಇನ್ನೊಂದು ವರ್ಷ ಕೊಡುತ್ತೇನೆ. ಪ್ರಿಲಿಮ್ಸ್‌ನ ಎರಡು ಪತ್ರಿಕೆಗಳಲ್ಲಿ ಒಂದಕ್ಕೆ ಹಾಜರಾದರೂ ಅದು ಒಂದು ಅಟೆಂಪ್ಟ್ ಆಗುತ್ತದೆ, ಅರ್ಜಿ ಹಾಕಿ ಹೋಗದಿದ್ದರೆ ಆಗುವುದಿಲ್ಲ. ಅಂದರೆ ಸಿದ್ಧತೆ ಸಾಲದ ವರ್ಷ ಪರೀಕ್ಷೆಗೆ ಕೂರುವುದೂ ಒಂದು ಖರ್ಚೇ, ಮತ್ತು ಕೂರಬೇಕೇ ಬೇಡವೇ ಎಂಬುದಕ್ಕೆ ಮಾಕ್ ಟೆಸ್ಟ್‌ಗಳ ಪಟ್ಟಿ ಆಧಾರವಾಗಬಲ್ಲದು. ನಿಲ್ಲಿಸುವುದು ಪೂರ್ತಿ ಸೋಲೆಂದು ಭಾವಿಸುವವರಿಗೆ ಒಂದು ಮಾತು: ಕೈಗೂಡದ ಗುರಿಯಿಂದ ಬಿಡಿಸಿಕೊಂಡು ಬೇರೊಂದು ಗುರಿಗೆ ಮನಸ್ಸು ಕೊಡಬಲ್ಲವರ ಮಾನಸಿಕ ಸ್ವಾಸ್ಥ್ಯ ಹೆಚ್ಚು ಚೆನ್ನಾಗಿರುತ್ತದೆಂದು ಕಾರ್ಸ್ಟನ್ ರೋಶ್ ಮತ್ತು ಸಂಗಡಿಗರ ಅಧ್ಯಯನಗಳು 2003ರಿಂದ ತೋರಿಸುತ್ತ ಬಂದಿವೆ. ಬಿಡುವುದರ ಜೊತೆಗೆ ಹೊಸದನ್ನು ಹಿಡಿಯುವುದೂ ಅಷ್ಟೇ ಮುಖ್ಯವಾದ್ದರಿಂದ, ಆ ಷರತ್ತಿನ ಪಕ್ಕದಲ್ಲಿ ಮುಂದಿನ ಕೆಲಸದ ಹೆಸರೂ ಇರಬೇಕು.

ಕೊನೆಯದಾಗಿ, ಇತರರ ಕಣ್ಣಿನ ವಿಷಯ. ಯಾವ ವಿಷಯದಲ್ಲಿ ನಮ್ಮನ್ನು ನಾವೇ ನಂಬಬೇಕು, ಯಾವುದರಲ್ಲಿ ಇತರರನ್ನು ಕೇಳಬೇಕು ಎಂಬುದನ್ನು ಸಿಮೀನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರ್ಪಡಿಸಿ ತೋರಿಸಿದೆ. ಆತಂಕ, ಆತ್ಮಗೌರವ ಮುಂತಾದ ಒಳಗಿನ ಸ್ಥಿತಿಗಳನ್ನು ವ್ಯಕ್ತಿ ತಾನೇ ಹೆಚ್ಚು ನಿಖರವಾಗಿ ಬಲ್ಲ. ಬುದ್ಧಿಶಕ್ತಿ, ಸೃಜನಶೀಲತೆಯಂಥ ಗುಣಗಳನ್ನು ಹತ್ತಿರದ ಸ್ನೇಹಿತರು ಹೆಚ್ಚು ಸರಿಯಾಗಿ ಅಂದಾಜಿಸುತ್ತಾರೆ. ಹೀಗಾಗಿ ನಿದ್ದೆ ಬರುತ್ತಿಲ್ಲ, ಪುಸ್ತಕ ನೋಡಿದರೆ ಎದೆ ಬಡಿದುಕೊಳ್ಳುತ್ತದೆ ಎಂದು ನಮಗೆ ಅನ್ನಿಸಿದರೆ ಅದನ್ನು ನಂಬಬೇಕು, ಅದು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಬೇಕು. "ಓದುವವರಿಗೆ ಇದೆಲ್ಲ ಇದ್ದದ್ದೇ" ಎಂದು ಸ್ನೇಹಿತರು ತಳ್ಳಿಹಾಕಿದರೂ ಬಿಡಬಾರದು. ನನ್ನ ಉತ್ತರ ಬರವಣಿಗೆ ಹೇಗಿದೆ, ವಾದ ಸ್ಪಷ್ಟವಾಗಿದೆಯೇ ಎಂಬುದನ್ನು ಮಾತ್ರ ಓದಬಲ್ಲ ಇನ್ನೊಬ್ಬರ ಕೈಗೆ ಕೊಡಬೇಕು. ಕೊಡುವಾಗ ಇತ್ತೀಚೆಗೆ ಚೆನ್ನಾಗಿ ಬಂದ ಉತ್ತರವನ್ನು ಆರಿಸಿ ಕೊಡುವ ಬದಲು ತಿಂಗಳ ಎಲ್ಲ ಉತ್ತರಗಳನ್ನೂ ಕೊಡುವುದು, "ನನ್ನಿಂದ ಆಗುತ್ತದೆಯೇ?" ಎಂದು ಕೇಳುವ ಬದಲು "ಇವುಗಳಲ್ಲಿ ಯಾವುದಕ್ಕೆ ಅರ್ಧಕ್ಕಿಂತ ಹೆಚ್ಚು ಅಂಕ ಕೊಡುತ್ತೀರಿ?" ಎಂದು ಕೇಳುವುದು ಒಳ್ಳೆಯದು. ಮೊದಲ ಪ್ರಶ್ನೆಗೆ ಪ್ರೀತಿಯುಳ್ಳವರು ಧೈರ್ಯ ಹೇಳಿ ಕಳಿಸುತ್ತಾರೆ. ಎರಡನೆಯದಕ್ಕೆ ಅವರು ಕುಳಿತು ಓದಬೇಕಾಗುತ್ತದೆ.